ನಿನ್ನ ಬಾಯಲ್ಲಿ ನನ್ನ ಛೆ

ಆ ಊರಿನ ದಾರಿ ಯಾವುದೆಂದು ಯಾರನ್ನೂ ಕೇಳಬೇಡಿ. ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ. ಆದರೆ ಎಲ್ಲರೂ ಹೇಳುವ ಮಾತು ಒಂದೇ: ಅಷ್ಟು ನೆಮ್ಮದಿಯ ಊರನ್ನು ನಾವು ಬೇರೆಲ್ಲೂ ಕಾಣಲಿಲ್ಲ. ಬೀದಿಯಲ್ಲಿ ಜಗಳವಿಲ್ಲ, ಬಾವಿಕಟ್ಟೆಯ ಮೇಲೆ ಗೊಣಗಾಟವಿಲ್ಲ, ಅತ್ತೆಯ ಮೇಲೆ ಸೊಸೆಯ ದೂರಿಲ್ಲ, ಉಪ್ಪು ಹೆಚ್ಚಾದ ಸಾರಿನ ಮೇಲೂ ಯಾರದೂ ತಕರಾರಿಲ್ಲ. ಒಂದು ಹೊತ್ತು ಇದ್ದು ಊಟ ಮಾಡಿ ಹೊರಟುಹೋದವರು ಹೀಗೇ ಹೇಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ನಿಮ್ಮ ಊರಿನಲ್ಲಿ, ನಮ್ಮ ಊರಿನಲ್ಲಿ ಛೆ ಎನ್ನುವುದು ಎಷ್ಟು ಹಗುರವಾದ ಮಾತು! ಹಾಲು ಉಕ್ಕಿದರೆ ಛೆ. ಸೂಜಿಯ ಕಣ್ಣಿಗೆ ದಾರ ಹೋಗದಿದ್ದರೆ ಛೆ. ಕಾದು ಕೂತ ನೆಂಟ ಬರದಿದ್ದರೆ ಛೆ, ಬಂದವನು ಎದ್ದು ಹೋಗದಿದ್ದರೂ ಛೆ. ಇನ್ನೊಬ್ಬರ ಮನೆಯ ಕಷ್ಟ ಕೇಳಿದರೆ ಲೊಚಗುಟ್ಟಿ ಛೆ ಛೆ ಛೆ. ಅಂದವರಿಗೆ ಅಂದದ್ದು ನೆನಪಿರುವುದಿಲ್ಲ, ಕೇಳಿದವರಿಗೆ ಕೇಳಿದ್ದು ನೆನಪಿರುವುದಿಲ್ಲ. ಆ ಊರಿನಲ್ಲಿ ಹಾಗಲ್ಲ. ಮೊಟಕಾಗಿ ಕಡಿದು ಅಂದ ಛೆ ಸಣ್ಣ ತಪ್ಪಿಗೆ. ಹೊತ್ತು ಮುಳುಗುವುದರೊಳಗೆ ಅದು ಸರಿಯಾಗಬೇಕು. ಉಸಿರು ಮುಗಿಯುವವರೆಗೆ ಎಳೆದು ಅಂದ ಛೆ ದೊಡ್ಡ ತಪ್ಪಿಗೆ. ಅನ್ನಿಸಿಕೊಂಡವನು ತಪ್ಪು ತಿದ್ದುವವರೆಗೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎರಡನ್ನು ಜೋಡಿಸಿ ಅಂದ ಛೆ ಛೆ ನಾಚಿಕೆಗೆಟ್ಟ ಕೆಲಸಕ್ಕೆ. ಅದನ್ನು ಹಿಂದೆ ಯಾವಾಗಲೋ ಒಮ್ಮೆ ಅಂದಿದ್ದರಂತೆ. ಯಾರಿಗೆ ಎಂಬುದನ್ನು ಊರೆಲ್ಲ ಸೇರಿ ಮರೆತುಬಿಟ್ಟಿತ್ತು.

ಇಷ್ಟು ತೂಕದ ಮಾತನ್ನು ಬಾಯಿಗೆ ಬಂದವರೆಲ್ಲ ಆಡಿದರೆ ಹೇಗೆ? ಅದಕ್ಕೊಂದು ಕಟ್ಟಳೆ. ತನ್ನ ಛೆಯನ್ನು ತಾನೇ ಅನ್ನುವಂತಿಲ್ಲ. ಅಂದರೂ ಯಾರಿಗೂ ಕೇಳಿಸುವುದಿಲ್ಲ.

ಕೈಗೆ ಕೆಲಸ ಹತ್ತಿದ ವರ್ಷ ಆ ಊರಿನ ಪ್ರತಿಯೊಬ್ಬರೂ ಒಂದು ನಾಲಿಗೆಜೋಡಿಯನ್ನು ಹುಡುಕಿಕೊಳ್ಳಬೇಕು. ಊರ ನಡುವೆ ಕರಿಯ ಹಾಸುಗಲ್ಲು. ಅದರ ಮೇಲೆ ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಒಬ್ಬಳು ಇನ್ನೊಬ್ಬಳ ಅಂಗೈಗೆ ಬಾಯಿಟ್ಟು ಛೆ ಎನ್ನುತ್ತಾಳೆ. ಅಂಗೈ ಮುಚ್ಚುತ್ತದೆ. ಮುಚ್ಚಿದ ಕೈ ಬಾಯಿಗೆ ಹೋಗುತ್ತದೆ. ನುಂಗುತ್ತಾಳೆ. ಊರ ಹಿರಿಯ ಕೇಳುತ್ತಾನೆ, 'ಇಳಿಯಿತೇ?' 'ಇಳಿಯಿತು.' ಮತ್ತೆ ಇವಳ ಅಂಗೈಗೆ ಅವಳ ಬಾಯಿ. ಮತ್ತೆ 'ಇಳಿಯಿತೇ?' ಮತ್ತೆ 'ಇಳಿಯಿತು.' ಅಲ್ಲಿಂದಾಚೆಗೆ ಇವಳ ಛೆ ಅವಳ ಬಾಯಲ್ಲಿ, ಅವಳ ಛೆ ಇವಳ ಬಾಯಲ್ಲಿ, ಸಾಯುವ ತನಕ. ಮನೆಯಲ್ಲಿ ಕೂತು ಛೆ ಎಂದರೆ ಪಕ್ಕದಲ್ಲಿ ಕೂತ ಗಂಡನಿಗೆ ಕೇಳಿಸದು, ತೊಡೆಯ ಮೇಲಿನ ಕೂಸಿಗೆ ಕೇಳಿಸದು. ಊರಿನ ಯಾವ ಮೂಲೆಯಲ್ಲಿದ್ದರೂ ಜೋಡಿಗೆ ಮಾತ್ರ ಕಿವಿಯಲ್ಲಿ ಅಂದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರಬೇಕು. 'ಯಾವುದಕ್ಕ?' ಎಂದು ಕೇಳಬೇಕು. ಕೇಳಿಸಿಕೊಂಡು, ತಪ್ಪು ಮಾಡಿದವರ ಬಾಗಿಲಿಗೆ ಹೋಗಿ, ಜೋಡಿಯ ಹೆಸರು ಹೇಳಿ, ಛೆ ಅಂದು ಬರಬೇಕು.

ಛೆ ಇಲ್ಲದೆ ಆಡಿದ ಮಾತು ಅಲ್ಲಿ ಬರೀ ಸುದ್ದಿ. ನನ್ನ ಮಾಳಿಗೆ ಸೋರುತ್ತದೆ ಎಂದು ನೀವು ಬಡಗಿಗೆ ನೂರು ಸಲ ಹೇಳಬಹುದು. ಅವನು ನೂರು ಸಲವೂ 'ಹೌದಾ?' ಎಂದು ಪ್ರೀತಿಯಿಂದ ಕೇಳುತ್ತಾನೆ. ಕೇಳಿ ತನ್ನ ಪಾಡಿಗೆ ಹೋಗುತ್ತಾನೆ.

ಆ ಊರಿನಲ್ಲಿ ಒಬ್ಬ ಬಣ್ಣಗಾತಿ ಇದ್ದಳು. ನೂಲಿಗೆ, ಬಟ್ಟೆಗೆ ಬಣ್ಣ ಹಾಕುವುದು ಅವಳ ಕೆಲಸ. ನೀಲಿಯ ಹಂಡೆಯಲ್ಲಿ ಅದ್ದಿ ಅದ್ದಿ ಅವಳ ಕೈ ಮೊಣಕೈಯವರೆಗೆ ನೀಲಿಯಾಗಿತ್ತು, ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳ ಮನೆಯ ಹಿಂದೆ ಒಂದು ಬಯಲು. ತುಂಬ ಗರಿಕೆ, ಒಂದು ಮರವಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲೂ ನೆರಳಿಲ್ಲ. ಹಳದಿ, ಕೆಂಪು, ನೀಲಿ ಬಟ್ಟೆಗಳನ್ನು ಅವಳು ಅಲ್ಲಿಯೇ ಒಣಹಾಕುತ್ತಿದ್ದಳು. ಅವಳ ತಾಯಿಯೂ ಅಲ್ಲಿಯೇ ಹಾಕುತ್ತಿದ್ದಳು. ಬಣ್ಣದ ಕೆಲಸದಲ್ಲಿ ಅರ್ಧ ಹಂಡೆಯದು, ಅರ್ಧ ಬಿಸಿಲಿನದು; ಒದ್ದೆ ಬಟ್ಟೆಯ ಮೇಲೆ ಒಂದು ಚಿಟಿಕೆ ಧೂಳು ಕೂತರೂ ಮಾಡಿದ್ದೆಲ್ಲ ವ್ಯರ್ಥ. ಆ ಬಯಲು ಹೋದರೆ ಅವಳಿಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಅನ್ನವಿಲ್ಲ. ಇದು ಅವಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಬಯಲಿನ ಆಚೆ ಬದಿಯ ಮನೆ ಅವಳ ನಾಲಿಗೆಜೋಡಿಯದು. ಆಕೆ ಜೋಳದ ರೊಟ್ಟಿ ಬಡಿದು ಊರಿಗೆಲ್ಲ ಕೊಡುವವಳು, ಊರು ಅವಳನ್ನು ರೊಟ್ಟಿಯವಳು ಎಂದೇ ಕರೆಯುತ್ತಿತ್ತು. ಇಬ್ಬರೂ ಒಂದೇ ಬಯಲಿನಲ್ಲಿ ಆಡಿ ಬೆಳೆದವರು. ಹಾಸುಗಲ್ಲಿನ ಮೇಲೆ ನಿಂತ ದಿನ ಬಣ್ಣಗಾತಿಯ ಎಳೆಯ ನೀಲಿ ಅಂಗೈಗೆ ರೊಟ್ಟಿಯವಳ ಬಾಯಿಯ ಹಿಟ್ಟು ಅಂಟಿ, ಊರೆಲ್ಲ ನಕ್ಕಿತ್ತು.

ಇಪ್ಪತ್ತು ವರ್ಷ ಬಣ್ಣಗಾತಿ ತನ್ನ ಜೋಡಿಯ ಛೆಯನ್ನು ಹೊತ್ತು ತಿರುಗಿದಳು. ರೊಟ್ಟಿಯವಳಿಗೆ ಛೆಗೇನೂ ಬರವಿರಲಿಲ್ಲ. ಬೀಸುವ ಕಲ್ಲು ನುಣುಪಾಗಿದೆ, ಛೆ. ಸೌದೆ ಹಸಿಯಿದೆ, ಛೆ. ಪಕ್ಕದ ಮನೆಯ ಕೋಳಿ ಹಿಟ್ಟಿಗೆ ಬಾಯಿ ಹಾಕಿತು, ಛೆ. ಕಿವಿಯಲ್ಲಿ ಕೇಳಿಸಿದ ಕೂಡಲೇ ಬಣ್ಣಗಾತಿ ಹಂಡೆಯೊಳಗಿನ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಓಡುತ್ತಿದ್ದಳು. ಕಲ್ಲುಕುಟಿಗನ ಬಾಗಿಲಿಗೆ, ಸೌದೆಯವನ ಬಾಗಿಲಿಗೆ, ಕೋಳಿಯವರ ಬಾಗಿಲಿಗೆ. ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ, ಮೊಟಕಿನದನ್ನು ಮೊಟಕಾಗಿ, ಎಳೆದದ್ದನ್ನು ಎಳೆದು, ಕೊಟ್ಟ ಹಾಗೆಯೇ ಮುಟ್ಟಿಸುತ್ತಿದ್ದಳು. ರೊಟ್ಟಿಯವಳ ಮನೆಯಲ್ಲಿ ಎಲ್ಲವೂ ಅಂದಂದೇ ಸರಿಯಾಗುತ್ತಿತ್ತು. ಬಣ್ಣಗಾತಿಯನ್ನು ಕಂಡರೆ ಮಾತ್ರ ಊರಿನ ಮುಖ ಬರಬರುತ್ತ ಗಂಟಾಯಿತು. ಮೊದಮೊದಲು ಚಾಪೆ ಹಾಸುತ್ತಿದ್ದವರು ಆಮೇಲೆ ಹೊಸ್ತಿಲಲ್ಲೇ ನಿಲ್ಲಿಸಿದರು. ಅವಳ ನೀಲಿ ಕೈ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, 'ಬಂದಳಪ್ಪಾ' ಎಂದು ಬಾಗಿಲು ಮುಂದೆ ಮಾಡುವವರಿದ್ದರು.

ಅವಳಿಗೂ ತನ್ನವು ಇದ್ದವಲ್ಲ? ಎಣ್ಣೆಗಾಣದವನು ತನ್ನ ಅಂಗಳ ಎತ್ತರಿಸಿದಾಗ ಗಾಣ ತೊಳೆದ ನೀರು ಕಾಲುವೆ ಹಿಡಿದು ಅವಳ ತೊಟ್ಟಿಗೆ ಬಂತು. ಬಟ್ಟೆ ಜಾಲಿಸುವ ನೀರಿನ ಮೇಲೆ ಜಿಡ್ಡು. ಛೆ ಅಂದಳು, ಉಸಿರು ಮುಗಿಯುವವರೆಗೆ ಎಳೆದು. ಬಡಗಿ ಕೂರಿಸಿದ ತೊಲೆ ಎರಡೇ ಮಳೆಗೆ ಬಾಗಿ ಮಾಳಿಗೆ ಸೋರಿತು. ಛೆ ಅಂದಳು. ಪ್ರತಿ ಸಲವೂ ರೊಟ್ಟಿಯವಳು ಬಂದಳು, ಕೇಳಿಸಿಕೊಂಡಳು, ಸೆರಗಿಗೆ ಕೈ ಒರೆಸಿಕೊಂಡು ಹೋದಳು, ಹೊತ್ತು ಇಳಿಯುವಾಗ ತಿರುಗಿ ಬಂದಳು. 'ಹೇಳಿ ಬಂದೆನವ್ವಾ. ಕೇಳಿದ್ರು. ಒಳಗ ಹೋದ್ರು.' ಮರುದಿನ ಬೆಳಿಗ್ಗೆ ಬಣ್ಣಗಾತಿ ಎದ್ದು ನೋಡಿದರೆ ಕಾಲುವೆ ಹಾಗೆಯೇ ಇರುತ್ತಿತ್ತು, ಎಣ್ಣೆಗಾಣದವನ ಮನೆಯಿಂದ ಒಲೆಯ ಹೊಗೆ ಏಳುತ್ತಿರುತ್ತಿತ್ತು.

ಆ ಹೊಗೆ ನೋಡಿ ಅವಳು ತಿಳಿದುಕೊಂಡದ್ದು ಹೀಗೆ: ನನ್ನ ಛೆಗಾಗಿ ಕಟ್ಟಳೆ ಪಾಲಿಸುವಷ್ಟು ಬೆಲೆಯನ್ನೂ ಈ ಊರು ನನಗೆ ಕೊಡುವುದಿಲ್ಲ. ಜೋಡಿಯನ್ನು ಕೇಳಬಹುದಿತ್ತು, 'ಖರೇನ ಹೇಳಿದೆಯಾ?' ಎಂದು. ಕೇಳಲಿಲ್ಲ. ನಾಲಿಗೆಜೋಡಿಗೆ ಹಾಗೆ ಕೇಳುವುದು ಅಲ್ಲಿ ಮುಖಕ್ಕೆ ಉಗಿದದ್ದಕ್ಕಿಂತ ಹೆಚ್ಚು. ಮತ್ತು ಅವಳಿಗೆ ಆ ಯೋಚನೆಯೇ ಬರಲಿಲ್ಲ. ಊರೆಲ್ಲ ಕೆಟ್ಟದ್ದೆಂದು ನಂಬುವುದು ಅವಳಿಗೆ ಸುಲಭವಾಯಿತು, ರೊಟ್ಟಿಯವಳು ಕೆಟ್ಟವಳೆಂದು ನಂಬುವುದು ಆಗಲಿಲ್ಲ. ಇಪ್ಪತ್ತು ವರ್ಷ ಅವಳು ಊರನ್ನು ಮನಸ್ಸಿನಲ್ಲಿಯೇ ದ್ವೇಷಿಸಿದಳು, ಜಿಡ್ಡಿನ ನೀರನ್ನು ಸೋಸಿ ಸೋಸಿ ಬಟ್ಟೆ ಜಾಲಿಸಿದಳು.

ಇಪ್ಪತ್ತೊಂದನೆಯ ವರ್ಷ, ಚಳಿ ಇಳಿದು ಬಿಸಿಲು ಏರುವ ದಿನಗಳಲ್ಲಿ, ಒಂದು ಬೆಳಿಗ್ಗೆ ಊರೇ ಅವಳ ಅಂಗಳಕ್ಕೆ ಬಂತು. ಮುಂದೆ ಊರ ಹಿರಿಯ, ಅವನ ಕೈಯಲ್ಲಿ ಒಂದು ಬಿಳಿಯ ಶಾಲು. ಹಿಂದೆ ಎಣ್ಣೆಗಾಣದವನು, ಬಡಗಿ, ಕಲ್ಲುಕುಟಿಗ, ಅವರವರ ಹೆಂಡಿರು. ಎಲ್ಲರ ಮುಖದಲ್ಲೂ ನಗು. ಬಣ್ಣಗಾತಿ ಹಳದಿಯಲ್ಲಿ ಅದ್ದಿದ್ದ ಸೀರೆಯನ್ನು ಹಿಂಡುತ್ತ ಹಾಗೆಯೇ ನಿಂತುಬಿಟ್ಟಳು.

'ಯವ್ವಾ, ಇವತ್ತ ನಮ್ಮೂರಿಗೆ ದೊಡ್ಡ ದಿನ,' ಎಂದ ಹಿರಿಯ. 'ಇಪ್ಪತ್ತು ವರ್ಷದಾಗ ಒಂದು ಛೆ ಇಲ್ಲ! ಯಾರ ಮನಿ ಬಾಗಿಲಿಗೂ ನಿನ್ನ ಹೆಸರಿನ ಛೆ ಬಂದಿಲ್ಲ. ಆ ಜೋಡಿದು ಹೊತ್ತು ಹೊತ್ತು ಸವದಿ ಖರೆ, ನಿಂದಂತ ಒಂದೂ ಇಲ್ಲ. ಇಂಥಾ ಹೆಣ್ಣಮಗಳು ನಮ್ಮಪ್ಪನ ಕಾಲಕ್ಕೂ ಇರಲಿಲ್ಲ, ಅವರಪ್ಪನ ಕಾಲಕ್ಕೂ ಇರಲಿಲ್ಲ. ಇವತ್ತಿನಿಂದ ನಿನ್ನ ತೃಪ್ತೆ ಅಂತ ಕರೀತೀವಿ.'

ಶಾಲು ಹೊದಿಸಿದರು. ಹಳದಿ ನೀರು ತೊಟ್ಟಿಕ್ಕುವ ಕೈಯಿಂದ ಅವಳು ಅದನ್ನು ಹಿಡಿದುಕೊಂಡಳು. ಬಿಳಿಯ ಶಾಲಿನ ಮೇಲೆ ಐದು ಬೆರಳು ಮೂಡಿದವು.

'ಇನ್ನೊಂದು ಸಂತೋಷದ ಮಾತು,' ಹಿರಿಯ ಮುಂದುವರಿಸಿದ. 'ಊರಿಗೆ ಸುಣ್ಣದ ಭಟ್ಟಿ ಬೇಕಾಗೈತಿ, ನಿನಗ ಗೊತ್ತಲ್ಲ. ಮೂರು ಕಡೆ ಜಾಗ ನೋಡಿದ್ವಿ, ಮೂರೂ ಕಡೆ ಒಬ್ಬರಲ್ಲಾ ಒಬ್ಬರ ಛೆ ಬಂತು. ನಿನ್ನ ಬಯಲಿಗೆ ಬರೂದಿಲ್ಲಂತ ಎಲ್ಲಾರಿಗೂ ಧೈರ್ಯ. ನಾಡಿದ್ದು ಹಾಸುಗಲ್ಲಿನ ಮ್ಯಾಲೆ ಪದ್ಧತಿ ಪ್ರಕಾರ ಮೂರು ಸಲ ಕೇಳೂದು. ನಿನ್ನ ಜೋಡಿ ಇಲ್ಲ ಅಂತಾಳ. ಅಲ್ಲಿಗೆ ಮುಗೀತು.'

ಅವಳ ಬಾಯಿಂದ ಛೆ ಹೊರಟಿತು. ಎದುರಿಗೆ ನಿಂತ ನೂರು ಜನರಿಗೆ ಅದು ಕೇಳಿಸಲಿಲ್ಲ. ಬಯಲಿನ ಆಚೆ ಕಡೆಯಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಮಾತ್ರ ತಟಕ್ಕನೆ ನಿಂತಿತು.

ಊರು ಹೋದ ಮೇಲೆ ಬಣ್ಣಗಾತಿ ಜೋಡಿಯ ಮನೆಗೆ ಹೋಗಲಿಲ್ಲ. ಮೊದಲು ಎಣ್ಣೆಗಾಣದವನ ಮನೆಗೆ ಹೋದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಕೆಲಸಕ್ಕಾಗಿ ಒಬ್ಬರ ಬಾಗಿಲಲ್ಲಿ ನಿಂತದ್ದು.

'ನೀನು ಅಂಗಳ ಎತ್ತರಿಸಿದ ವರ್ಷ,' ಅವಳು ಕೇಳಿದಳು, 'ನನ್ನ ಜೋಡಿ ನಿಮ್ಮನಿಗೆ ಬಂದಿದ್ಳೇನಣ್ಣಾ?'

'ಬಂದಿದ್ಳಲ್ಲ! ಒಂದು ಸಲ ಅಲ್ಲ, ಮೂರು ಸಲ. ನಮ್ಮಾಕಿ ಎಳ್ಳುಂಡಿ ಕೊಟ್ಳು, ಕುಂತು ತಿಂದ್ಳು. ನಿನ್ನ ಜೋಡಿ ಹೆಂಗದಾಳ ಅಂತ ನಾನ ಕೇಳಿದೆ. ಆಕಿಗೇನು, ನಕ್ಕೋತ ಅದಾಳ ಅಂದ್ಳು.'

'ಛೆ ಅನ್ನಲಿಲ್ಲ?'

'ನಿನ್ನ ಹೆಸರಿಲೆ? ಈ ಮನಿಯಾಗ ನಿನ್ನ ಛೆ ಎಂದೂ ಬಿದ್ದಿಲ್ಲವ್ವಾ. ಯಾಕ, ಏನರ ಆಗಿತ್ತೇನು?'

'ನಿನ್ನ ಗಾಣದ ನೀರು ನನ್ನ ತೊಟ್ಟಿಗೆ ಬರತೈತಿ. ಅವತ್ತಿನಿಂದ.'

'ಹೌದಾ?' ಎಂದ ಅವನು, ಪ್ರೀತಿಯಿಂದಲೇ. 'ಒಂದು ಛೆ ಬಂದಿದ್ರ ಅವತ್ತ ತಿರುವಿ ಕೊಡ್ತಿದ್ದೆನಲ್ಲ. ನಾಲ್ಕು ಗುದ್ದಲಿ ಮಣ್ಣಿನ ಕೆಲಸ.'

ಅವಳು ಬೀದಿಗೆ ಇಳಿದಳು. ಬಡಗಿಯ ಮನೆ ಬಂತು. ಅಲ್ಲಿ ಅವಳು ಏನನ್ನೂ ಕೇಳಲಿಲ್ಲ, ಬಾಗಿಲು ನೋಡಿ ಮುಂದೆ ಹೋದಳು. ಕೇಳಿದ್ದರೆ ಅಲ್ಲಿಯೂ ಒಂದು ಉಂಡಿಯ ಕಥೆ ಇರುತ್ತಿತ್ತು. ಇಪ್ಪತ್ತು ವರ್ಷ ಇವರನ್ನೆಲ್ಲ ಶಪಿಸಿದೆನಲ್ಲ, ಇವರಿಗೆ ಏನೂ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡಳು. ತನ್ನ ದ್ವೇಷವೂ ವಿಳಾಸ ತಪ್ಪಿ ಹೋಗಿತ್ತು.

ರೊಟ್ಟಿಯವಳು ಒಲೆಯ ಮುಂದೆ ಕೂತಿದ್ದಳು. ಜೋಡಿ ಬಂದದ್ದು ಕಂಡು ಅವಳ ಕೈ ನಿಲ್ಲಲಿಲ್ಲ. ತಟ ತಟ, ತಟ ತಟ, ಹಿಟ್ಟಿನ ಮುದ್ದೆ ತಿರುಗುತ್ತ ಅಗಲವಾಗುತ್ತ ಹೋಯಿತು. ಬಣ್ಣಗಾತಿ ಅವಳ ಎದುರು ಕೂತಳು.

'ಇಪ್ಪತ್ತು ವರ್ಷದಾಗ ಎಷ್ಟು ಸಲ ಅಂದಿ?'

ರೊಟ್ಟಿ ತೆಳ್ಳಗಾಯಿತು. ಅವಳು ಅದನ್ನು ಎತ್ತಿ ಹಂಚಿನ ಮೇಲೆ ಹಾಕಿದಳು, ನೀರು ಸವರಿದಳು.

'ಒಮ್ಮಿನೂ ಇಲ್ಲ,' ಎಂದಳು.

'ಒಮ್ಮಿನೂ ಇಲ್ಲ.'

'ಮೊದಲನೇ ಸಲ ಅನ್ನಾಕಂತನ ಹೋಗಿದ್ದೆ. ಆಣಿ ಮಾಡಿ ಹೇಳ್ತೀನಿ. ಬಾಗ್ಲಾ ತಗದ್ರು, ಬಾ ಅಂದ್ರು, ಚಾಪಿ ಹಾಸಿದ್ರು. ಅವರ ಮಾರಿ ನೋಡಿದೆ. ಈಗ ಛೆ ಅಂದ್ರ ಈ ಮಾರಿ ಹೆಂಗಾಗ್ತೈತಿ ಅನಿಸ್ತು. ಇವತ್ತ ಬ್ಯಾಡ, ನಾಳೆ ಅಂದ್ರಾತು ಅಂದ್ಕೊಂಡೆ. ನಾಳೆ ಹೋದ್ರ ಮತ್ತ ಚಾಪಿ ಹಾಸಿದ್ರು.'

'ನನಗೂ ಹಾಸತಿದ್ರು ಚಾಪಿ. ನಿಂದು ಹೇಳಿ ಹೇಳಿ ಅದು ನಿಂತುಹೋತು.'

'ಗೊತ್ತೈತಿ.' ರೊಟ್ಟಿಯವಳು ಮೊದಲ ಸಲ ತಲೆ ಎತ್ತಿದಳು. 'ನಿನ್ನ ನೋಡೇ ನಾ ಹೆದರಿದ್ದು. ಊರೆಲ್ಲ ನಿನ್ನ ಹೆಂಗ ನೋಡತಿತ್ತು ಅಂತ ನಾ ಕಂಡಿಲ್ಲೇನು? ನನ್ನ ಕಡಿಂದ ಹಂಗ ಬಾಳೂದು ಆಗತಿರಲಿಲ್ಲ.'

'ಮತ್ತ ಹೇಳಿ ಬಂದೆ ಹೇಳಿ ಬಂದೆ ಅಂತ ನನಗ್ಯಾಕ ಅಂದಿ?'

'ನೀ ಬಾಗಿಲಾಗ ಕಾಯ್ಕೋತ ಕುಂತಿರ್ತಿದ್ದಿ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ.' ಅವಳು ರೊಟ್ಟಿ ತಿರುವಿ ಹಾಕಿದಳು. 'ನೀ ಹೆಂಗರ ತಡಕೋತಿ ಅಂತ ಗೊತ್ತಿತ್ತು. ಮೊದಲಿಂದನೂ ನೀ ಗಟ್ಟಿ. ನಿನ್ನ ಹೆಸರೂ ಕೆಡಲಿಲ್ಲ. ಇವತ್ತ ನೋಡು, ಶಾಲು ಹೊದಿಸ್ಯಾರ.'

ಬೇರೆ ಯಾವ ಮಾತನ್ನಾದರೂ ಬಣ್ಣಗಾತಿ ನುಂಗಿಕೊಳ್ಳುತ್ತಿದ್ದಳೇನೋ. ತಡಕೋತಿ ಅಂತ ಗೊತ್ತಿತ್ತು ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳು ಅತ್ತಳು. ಅಳುವುದಕ್ಕೆ ಆ ಊರಿನಲ್ಲಿ ಕಟ್ಟಳೆಯಿರಲಿಲ್ಲ, ಯಾರು ಬೇಕಾದರೂ ಎಷ್ಟು ಬೇಕಾದರೂ ಅಳಬಹುದಿತ್ತು. ರೊಟ್ಟಿಯವಳೂ ಅತ್ತಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಯಿತು.

'ಹೋದದ್ದು ಹೋತು,' ಎಂದಳು ಬಣ್ಣಗಾತಿ ಕಡೆಗೆ. 'ತೊಟ್ಟಿ ಬ್ಯಾಡ, ಮಾಳಿಗಿ ಬ್ಯಾಡ. ಇದೊಂದು ಅನ್ನು. ನನ್ನ ಹಳದಿ ಸೀರಿ ಮ್ಯಾಲೆ ಒಂದು ಚೂರು ಸುಣ್ಣ ಬಿದ್ರ ಅಲ್ಲೇ ಕೆಂಪು ಚುಕ್ಕಿ ಆಗ್ತೈತಿ, ಸಿಡುಬು ಎದ್ದಂಗ. ಬಯಲು ಹೋದ್ರ ನಾ ಹೋದಂಗ. ನಾಡಿದ್ದು ಅವರು ಕೇಳಿದಾಗ ಉದ್ದಕ ಎಳದು ಒಂದ ಒಂದು ಛೆ ಅನ್ನು.'

ರೊಟ್ಟಿಯವಳು ಹಿಟ್ಟಿನ ಕೈಯನ್ನು ಅವಳ ನೀಲಿ ಕೈಯ ಮೇಲಿಟ್ಟಳು. 'ಈ ಹಿಟ್ಟಿನ ಮ್ಯಾಲೆ ಆಣಿ. ಅಂತೀನಿ.'

ಬಣ್ಣಗಾತಿ ಏಳುವಾಗ ಅವಳು ಮತ್ತೆ ಕರೆದಳು. ದನಿ ತಗ್ಗಿಸಿದಳು.

'ನಂದೂ ಒಂದೈತಿ. ಹೆಂಗರ ಆಗಿ ಭಟ್ಟಿ ಬಂದ ಬಿಟ್ರ, ಅದರ ಬಾಯಿ ನನ್ನ ಮನಿ ಕಡಿ ಇಡೂದು ಬ್ಯಾಡ. ಹಿಟ್ಟಿನಾಗ ಸುಣ್ಣ ಬಿದ್ರ ಯಾರು ತಿಂತಾರ ನನ್ನ ರೊಟ್ಟಿ? ನೀ ಅಷ್ಟು ಅಂದ್ಬಿಡು.'

ಭಟ್ಟಿಯ ಬಾಯಿ ಆ ಕಡೆ ಬೇಡ ಎಂದರೆ ಉಳಿದದ್ದು ಈ ಕಡೆ. ಬಯಲಿಗೆ ಇದ್ದದ್ದು ಎರಡೇ ಬದಿ. ಬಣ್ಣಗಾತಿಗೆ ಇದು ಹೊಳೆಯಿತು. ಆದರೂ ಆಣೆ ಮಾಡಿದ ಹಿಟ್ಟು ಕೈಯ ಮೇಲೆ ಇನ್ನೂ ಹಸಿಯಾಗಿತ್ತು, ಅವಳು ಹೂಂ ಎಂದಳು. ಇಪ್ಪತ್ತು ವರ್ಷದ ರೂಢಿ.

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವ ಮುಂಚೆ ಊರು ಹಾಸುಗಲ್ಲಿನ ಸುತ್ತ ಸೇರಿತು. ಹಿರಿಯ ಕಲ್ಲಿನ ಒಂದು ತುದಿಗೆ ನಿಂತ, ನಾಲಿಗೆಜೋಡಿಗಳಿಬ್ಬರನ್ನೂ ನಡುವೆ ನಿಲ್ಲಿಸಿದ. ರೊಟ್ಟಿಯವಳು ಬರುವಾಗ ಊರಿನ ಹೆಂಗಸರು ಅವಳ ಭುಜ ಮುಟ್ಟಿ ಮಾತಾಡಿಸಿದರು. ಎಣ್ಣೆಗಾಣದವನ ಹೆಂಡತಿ ಅವಳ ಸೆರಗು ಸರಿಮಾಡಿದಳು. ಬಣ್ಣಗಾತಿಯ ಹತ್ತಿರ ಯಾರೂ ಬರಲಿಲ್ಲ. ತೃಪ್ತೆಯ ಹತ್ತಿರ ಹೋಗಿ ಆಡುವ ಮಾತು ಏನಿರುತ್ತದೆ?

'ಬಯಲಿನಾಗ ಭಟ್ಟಿ ಕಟ್ಟತೀವಿ,' ಎಂದ ಹಿರಿಯ. 'ತೃಪ್ತೆಯ ಜೋಡೀ, ಆಕಿದೇನರ ಐತೇನು?'

ರೊಟ್ಟಿಯವಳು ಊರಿನ ಕಡೆ ನೋಡಿದಳು. ಊರು ಅವಳ ಕಡೆ ನೋಡಿ ನಗುತ್ತಿತ್ತು. ಇವಳು ಒಳ್ಳೆಯದನ್ನೇ ಹೇಳುತ್ತಾಳೆ ಎಂಬ ನಗು, ಇಪ್ಪತ್ತು ವರ್ಷ ಚಾಪೆ ಹಾಸಿದ ನಗು. ಈಗ ಛೆ ಎಂದರೆ ಊರು ಕೇಳುತ್ತದೆ: ಇಷ್ಟು ದಿನ ಇಲ್ಲದ್ದು ಇವತ್ತು ಎಲ್ಲಿಂದ ಬಂತು? ಹಿಂದಿನವೆಲ್ಲ ಎಲ್ಲಿ ಹೋದವು? ಅವಳ ತುಟಿ ತೆರೆಯಿತು.

'ಆಕಿದೇನರ ಐತೇನು?' ಎರಡನೆಯ ಸಲ.

'ಇಲ್ಲ,' ಎಂದಳು ರೊಟ್ಟಿಯವಳು.

'ಆಕಿದೇನರ ಐತೇನು?'

'ಏನೂ ಇಲ್ರಿ. ಆಕಿಗೇನು, ನಕ್ಕೋತ ಅದಾಳ.'

ಬಣ್ಣಗಾತಿ ಹಿರಿಯನ ಮುಂದೆ ಹೋಗಿ ನಿಂತಳು. 'ಆಕಿ ಸುಳ್ಳು ಹೇಳ್ತಾಳ. ನಾ ಇಪ್ಪತ್ತು ವರ್ಷದಿಂದ ಅನ್ನಾಕತ್ತೀನಿ, ಆಕಿ ಯಾರಿಗೂ ಮುಟ್ಟಿಸಿಲ್ಲ. ಬಯಲು ಹೋದ್ರ ನಾ ಸಾಯ್ತೀನಿ.'

'ಹೌದಾ?' ಎಂದ ಹಿರಿಯ. ಅವನ ಮುಖದಲ್ಲಿ ಕರುಣೆ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ, ಮುಟ್ಟಿಸಿಲ್ಲಂತ, ಎಂದರು. ಪಕ್ಕದವರು ಹೌದಾ ಎಂದರು. ಸುದ್ದಿ ಗುಂಪಿನೊಳಗೆ ಒಂದು ಸುತ್ತು ತಿರುಗಿ ಕಿವಿಯಿಂದ ಕಿವಿಗೆ ಹೋಗಿ ಮುಗಿಯಿತು.

ಆಗ ಅವಳು ಛೆ ಅಂದಳು. ಅನ್ನಬಾರದ್ದನ್ನೇ ಅಂದಳು, ಎರಡನ್ನೂ ಜೋಡಿಸಿ, ಕತ್ತಿನ ನರ ಉಬ್ಬುವ ಹಾಗೆ, ಮತ್ತೆ ಮತ್ತೆ. ಛೆ ಛೆ. ಛೆ ಛೆ. ಊರಿಗೆ ಕಂಡದ್ದು ಅಲ್ಲಾಡುವ ತುಟಿ. 'ಊರನ್ನ ಹರಸಾಕತ್ತಾಳ,' ಎಂದು ಒಬ್ಬ ಮುದುಕಿ ಕೈ ಮುಗಿದಳು, ಅವಳನ್ನು ನೋಡಿ ಉಳಿದವರೂ ಮುಗಿದರು. ಇಡೀ ಊರಿನಲ್ಲಿ ಒಬ್ಬಳೇ ಒಬ್ಬಳು ಎರಡೂ ಕಿವಿ ಮುಚ್ಚಿಕೊಂಡು ಕಲ್ಲಿನ ಮೇಲೆ ಕುಸಿದು ಕೂತಳು. ಕಿವಿ ಮುಚ್ಚಿದರೆ ನಿಲ್ಲುವ ಸದ್ದಲ್ಲ ಅದು.

ಹಿರಿಯ ಕಾದ. ಆಮೇಲೆ ಬಣ್ಣಗಾತಿಯ ಕಡೆ ತಿರುಗಿದ. 'ಇನ್ನ ನೀನು. ನಿನ್ನ ಜೋಡಿದು ಏನರ ಐತೇನವ್ವಾ?'

ರೊಟ್ಟಿಯವಳು ಕಿವಿಯಿಂದ ಕೈ ತೆಗೆದು ತಲೆ ಎತ್ತಿದಳು. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು, ನಾಚಿಕೆಯೂ ಇತ್ತು. ಆದರೆ ಭಯವಿರಲಿಲ್ಲ. ಇಷ್ಟಾದ ಮೇಲೂ ಅವಳು ನಂಬಿಕೊಂಡಿದ್ದಳು: ಈಕೆ ಅನ್ನುತ್ತಾಳೆ. ಭಟ್ಟಿಯ ಬಾಯಿ ಈಕೆಯ ಮನೆಗೇ ತಿರುಗಿದರೂ ಸರಿ, ಕೊಟ್ಟ ಹಾಗೆಯೇ ಮುಟ್ಟಿಸುತ್ತಾಳೆ. ಆ ನಂಬಿಕೆ ಕಂಡು ಬಣ್ಣಗಾತಿಗೆ ಆದ ನೋವು ಸುಳ್ಳು ಕೇಳಿದಾಗ ಆಗಿರಲಿಲ್ಲ. ನನ್ನ ಒಳ್ಳೆಯತನವನ್ನು ಇವಳು ಇಷ್ಟು ಚೆನ್ನಾಗಿ ಬಲ್ಲಳು, ಬಲ್ಲದ್ದಕ್ಕೇ ನನಗೆ ಹೀಗೆ ಮಾಡಿದಳು ಎಂದುಕೊಂಡಳು.

'ಐತೇನು?' ಎರಡನೆಯ ಸಲ.

ಜೋಡಿಯ ಛೆ ಅವಳ ನಾಲಿಗೆಯ ಮೇಲೆ ಬಂದು ಕೂತಿತ್ತು. ಇಪ್ಪತ್ತು ವರ್ಷ ಅದು ತಾನಾಗಿ ಹೊರಬಿದ್ದಿತ್ತು. ಅವಳು ಹಲ್ಲು ಕಚ್ಚಿದಳು.

'ಐತೇನು?'

'ಇಲ್ರಿ,' ಎಂದಳು ಬಣ್ಣಗಾತಿ. 'ಆಕಿಗೂ ಏನೂ ಇಲ್ಲ.'

ಊರಿಗೆ ಊರೇ ಕೇಕೆ ಹಾಕಿತು. ಯಾವಾಗಲೂ ಒಂದಿಲ್ಲೊಂದು ತರುತ್ತಿದ್ದವಳು ಇವತ್ತು ಇಲ್ಲ ಅಂದಳು! ಒಂದೇ ಹಾಸುಗಲ್ಲಿನ ಮೇಲೆ ಇಬ್ಬರು ತೃಪ್ತೆಯರು! ಯಾರೋ ಓಡಿಹೋಗಿ ಇನ್ನೊಂದು ಶಾಲು ತಂದರು. ರೊಟ್ಟಿಯವಳಿಗೆ ಅದನ್ನು ಹೊದಿಸುವಾಗ ಅವಳ ತುಟಿ ಅಲುಗಿತು. ಈ ಸಲ ಕಿವಿ ಮುಚ್ಚಿಕೊಳ್ಳುವ ಸರದಿ ಬಣ್ಣಗಾತಿಯದು. ಅವಳು ಮುಚ್ಚಿಕೊಳ್ಳಲಿಲ್ಲ, ನಿಂತು ಪೂರ್ತಿ ಕೇಳಿದಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಎಣ್ಣೆಗಾಣದವನ ಹೆಂಡತಿ ಅವಳನ್ನು ಒಳಗೆ ಕರೆದು ಚಾಪೆ ಹಾಸಿದಳು.

ಭಟ್ಟಿ ಬಂತು. ಗರಿಕೆ ಕೆತ್ತಿ, ಗುಂಡಿ ತೋಡಿ, ಬಯಲಿನ ನಟ್ಟನಡುವೆ ಕಟ್ಟಿದರು. ಬಾಯಿ ಯಾವ ಕಡೆಗಿರಬೇಕೆಂದು ಯಾರೂ ಹೇಳದ್ದರಿಂದ ಎರಡೂ ಕಡೆಗೆ ಎರಡು ಬಾಯಿ ಇಟ್ಟರು. ಬಿಳಿಯ ಧೂಳು ದಿನವೂ ಎದ್ದು ಎರಡು ಮನೆಗಳ ಮೇಲೆ ಇಳಿಯಿತು. ಹಳದಿ ಸೀರೆಗಳಿಗೆ ಕೆಂಪು ಚುಕ್ಕಿ ಬಿದ್ದವು, ಜನ ಒಬ್ಬೊಬ್ಬರಾಗಿ ಬಟ್ಟೆ ತರುವುದು ಬಿಟ್ಟರು. ಆಚೆ ಕಡೆ ರೊಟ್ಟಿ ಹಲ್ಲಿಗೆ ಗರಗರ ಎಂದಿತು, ಜನ ಅದನ್ನೂ ಬಿಟ್ಟರು. ಊರಿನ ಗೋಡೆಗಳೆಲ್ಲ ಸುಣ್ಣ ಕಂಡು ಬೆಳ್ಳಗಾದವು. ಹೊರಗಿನಿಂದ ಬಂದವರಿಗೆ ಹಿರಿಯ ಭಟ್ಟಿಯನ್ನು ತೋರಿಸುತ್ತಾನೆ, ಆಮೇಲೆ ಎರಡು ಮನೆಗಳನ್ನು ತೋರಿಸುತ್ತಾನೆ. 'ನಮ್ಮೂರಾಗ ಇಬ್ಬರು ತೃಪ್ತೆಯರು ಅದಾರ,' ಎನ್ನುತ್ತಾನೆ. ಬಂದವರು ತಲೆದೂಗುತ್ತಾರೆ.

ಇಬ್ಬರೂ ಮತ್ತೆ ಮಾತಾಡಲಿಲ್ಲ. ಬಣ್ಣಗಾತಿ ಬರಿದಾದ ಹಂಡೆಯ ಪಕ್ಕ ಕೂತು ದಿನಕ್ಕೆ ನೂರು ಸಲ ಛೆ ಎನ್ನುತ್ತಾಳೆ, ಆಚೆಯವಳ ಕಿವಿಗೆ ಬೀಳಲಿ ಎಂದೇ. ಆಚೆಯಿಂದಲೂ ಬರುತ್ತದೆ. ಹಿಟ್ಟು ಜರಡಿ ಹಿಡಿಯುವ ಹೊತ್ತಿಗೆ ಒಂದು, ಒಲೆ ಆರಿಸುವ ಹೊತ್ತಿಗೆ ಒಂದು, ನಡುವೆ ಲೆಕ್ಕವಿಲ್ಲದಷ್ಟು. ಒಬ್ಬಳು ಅಂದರೆ ಇನ್ನೊಬ್ಬಳು ಬೈಗುಳಕ್ಕೆ ಬೈಗುಳ ಕೊಟ್ಟ ಹಾಗೆ ತಿರುಗಿ ಅನ್ನುತ್ತಾಳೆ. ಭಟ್ಟಿಯಲ್ಲಿ ಕೆಲಸ ಮಾಡುವವರಿಗೆ ಅದಾವುದೂ ಕೇಳಿಸುವುದಿಲ್ಲ. ಎಷ್ಟು ಶಾಂತವಾದ ಜಾಗ ಎಂದು ಅವರು ಭಟ್ಟಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ.

ಮೊನ್ನೆ ಒಂದು ದಿನ ಬೆಳಗಿನಿಂದ ಆಚೆಯದು ಬರಲಿಲ್ಲ. ಬಣ್ಣಗಾತಿ ಮೊದಲು ಗಮನಿಸಲಿಲ್ಲ. ಆಮೇಲೆ ಒಂದು ಛೆ ಅಂದು ಕಾದಳು. ಇನ್ನೊಂದು ಅಂದಳು. ಬಿಸಿಲು ಅಂಗಳಕ್ಕೆ ಇಳಿಯಿತು, ಅಂಗಳ ದಾಟಿತು. ಅವಳು ಹೋಗಿಬಿಟ್ಟರೆ ನಾನು ಅಂದದ್ದು ಕೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಆವತ್ತಿನವರೆಗೆ ಅವಳ ತಲೆಗೆ ಹೊಳೆದಿರಲಿಲ್ಲ. ಅವಳು ಎದ್ದಳು, ಸೆರಗು ಬಿದ್ದದ್ದು ನೋಡದೆ ಸುಣ್ಣದ ಧೂಳಿನಲ್ಲಿ ಓಡಿದಳು, ಭಟ್ಟಿ ದಾಟಿ, ಉಸಿರಾಟವಾದರೂ ಕೇಳಿಸೀತೆಂದು ಜೋಡಿಯ ಮನೆಯ ಹಿಂಬದಿಯ ಗೋಡೆಗೆ ಕಿವಿಯಿಟ್ಟು ನಿಂತಳು.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಜ್ವರದ ದನಿಯಲ್ಲಿ, ಸಣ್ಣಗೆ, ಛೆ ಎಂದದ್ದು ಕೇಳಿಸಿತು. ಬಣ್ಣಗಾತಿಯ ಜೀವ ಮರಳಿ ಬಂದಂತಾಯಿತು. ಅಷ್ಟು ಸಂತೋಷವಾದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಬಾಗಿಲು ತಟ್ಟಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ.